ನನ್ನ ಕಣಿವೆಯಲ್ಲಿ ಉಳಿದ ನಾಲ್ಕು ಜೀವಿಗಳು

ಐದು ವರ್ಷಗಳ ಹಿಂದೆ ಫ್ಯಾಂಟಸಿ ಕಾದಂಬರಿಯೊಂದನ್ನು ಆರಂಭಿಸಿದಾಗ, ಮಲೆನಾಡನ್ನು ಹೋಲುವ ಆ ಕಲ್ಪಿತ ಕಣಿವೆಯಲ್ಲಿ ಯಾವ ಯಾವ ಅದ್ಭುತ ಜೀವಿಗಳಿರಬೇಕೆಂದು ಪಟ್ಟಿ ಮಾಡಿಕೊಂಡಿದ್ದೆ. ಓದಿದ್ದು, ಅಜ್ಜಿಯಿಂದ ಕೇಳಿದ್ದು, ಗುಡಿಗಳಲ್ಲಿ ಕಂಡದ್ದು ಎಲ್ಲವೂ ಸೇರಿ 23 ಹೆಸರುಗಳಾದವು. ಮೂರನೆಯ ಕರಡು ಮುಗಿಯುವ ಹೊತ್ತಿಗೆ ಅವುಗಳಲ್ಲಿ ನಾಲ್ಕು ಮಾತ್ರ ಉಳಿದವು.

ಉಳಿಸುವುದಕ್ಕೂ ಬಿಡುವುದಕ್ಕೂ ನನಗೊಂದು ಅಳತೆಗೋಲು ಸಿಕ್ಕಿದ್ದು ಬೇಲೂರಿನಲ್ಲಿ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದಲ್ಲಿ ಒಂದು ಶಿಲ್ಪವಿದೆ. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ, ಹೆಬ್ಬಾವನ್ನು ಆನೆ ಹಿಡಿದಿದೆ, ಆನೆಯ ಮೇಲೆ ಸಿಂಹ ಎರಗಿದೆ, ಸಿಂಹವನ್ನು ಎಂಟು ಕಾಲಿನ ಪುರಾಣದ ಮೃಗ ಶರಭ, ಶರಭವನ್ನು ಗಂಡಭೇರುಂಡ. ಇದೆಲ್ಲವನ್ನೂ ಬೆರಗಾಗಿ ನೋಡುತ್ತ ಒಬ್ಬ ಋಷಿ. ಅದರ ಮುಂದೆ ನಿಂತಾಗ ನನಗೆ ಹೊಳೆದದ್ದು ಇಷ್ಟೇ: ಶಿಲ್ಪಿಗೆ ಜಿಂಕೆ ಎಷ್ಟು ನಿಜವೋ ಗಂಡಭೇರುಂಡವೂ ಅಷ್ಟೇ ನಿಜ, ಏಕೆಂದರೆ ಎರಡೂ ಒಂದೇ ಹಸಿವಿನ ಸರಪಳಿಯಲ್ಲಿವೆ. ಅಂದಿನಿಂದ ನನ್ನ ಪಟ್ಟಿಯ ಪ್ರತಿಯೊಂದು ಹೆಸರಿಗೂ ಎರಡೇ ಪ್ರಶ್ನೆ ಕೇಳುತ್ತ ಬಂದೆ: ಇದು ಏನನ್ನು ತಿಂದು ಬದುಕುತ್ತದೆ, ಮತ್ತು ಇದು ಇರುವುದರಿಂದ ಕಣಿವೆಯ ಜನರ ನಡೆನುಡಿಯಲ್ಲಿ ಏನು ಬದಲಾಗಿದೆ?

ಮಕರಕ್ಕೆ ಈ ಪ್ರಶ್ನೆಗಳು ಕಠಿಣವಾದವು. ಆನೆಯ ಸೊಂಡಿಲು, ಮೊಸಳೆಯ ದವಡೆ, ನವಿಲಿನಂತೆ ಸುರುಳಿಗಟ್ಟಿದ ಬಾಲವಿರುವ ಈ ಜೀವಿಯನ್ನು ಹೊಯ್ಸಳ ಗುಡಿಗಳ ಪಟ್ಟಿಕೆಗಳಲ್ಲಿ ಸಾಲುಸಾಲಾಗಿ ನೋಡಿದವನಿಗೆ ಅದನ್ನು ಬಿಡಲು ಮನಸ್ಸಾಗುವುದಿಲ್ಲ. ಆದರೆ ನನ್ನ ನದಿಯಲ್ಲಿ ಆಗಲೇ ಮೊಸಳೆಗಳಿದ್ದವು. ಒಂದೇ ಮಡುವಿನಲ್ಲಿ, ಒಂದೇ ಮೀನು ತಿಂದು, ಒಂದೇ ದಂಡೆಯಲ್ಲಿ ಬಿಸಿಲು ಕಾಯುವ ಎರಡು ಪ್ರಾಣಿಗಳೇಕೆ? ಕೊನೆಗೆ ಮೊಸಳೆಗಳನ್ನೇ ತೆಗೆದುಹಾಕಿದೆ. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಹಸ್ತಪ್ರತಿಯನ್ನು ಮತ್ತೆ ಓದುವಾಗ ಅಂಬಿಗರ ಮುದುಕಿಯೊಬ್ಬಳು ಸೊಸೆಗೆ ‘ಮೊಸಳೆ ಕಣ್ಣೀರು ಸುರಿಸಬೇಡ’ ಎನ್ನುವ ಮಾತು ಕಣ್ಣಿಗೆ ಬಿತ್ತು. ಮೊಸಳೆಯನ್ನೇ ಕಾಣದ ಊರಿನಲ್ಲಿ ಆ ಮಾತು ಹುಟ್ಟುವುದು ಹೇಗೆ? ಆ ಸಾಲನ್ನು ಅಳಿಸಿ, ಮಕರವನ್ನು ದಿನವೂ ನೋಡುವವರು ಏನೆಂದಾರು ಎಂದು ಎರಡು ದಿನ ಯೋಚಿಸಿ, ‘ಸೊಂಡಿಲು ಮಾತ್ರ ತೋರಿಸಬೇಡ’ ಎಂದು ಬರೆದೆ. ನೀರಿನ ಮೇಲೆ ಸೊಂಡಿಲಷ್ಟೇ ಕಂಡರೆ ಆನೆ ಮೀಯುತ್ತಿದೆ ಎಂದು ದಂಡೆಯ ಮಕ್ಕಳು ಹತ್ತಿರ ಹೋಗುತ್ತಾರೆ. ದವಡೆ ಇರುವುದು ನೀರಿನ ಕೆಳಗೆ. ಆ ಸಾಲು ಬರೆದ ಮೇಲೆಯೇ ಮಕರ ನನ್ನ ನದಿಗೆ ನಿಜವಾಗಿ ಇಳಿಯಿತು.

ಡ್ರ್ಯಾಗನ್ ಹೋದದ್ದಕ್ಕೆ ಕಾರಣ ಅದು ಪರದೇಶದ್ದೆಂಬುದಲ್ಲ. ಅದಕ್ಕೆ ನಾನು ಕೊಟ್ಟಿದ್ದ ಕೆಲಸ ನಿಧಿ ಕಾಯುವುದು, ಆ ಕೆಲಸವನ್ನು ನಮ್ಮ ಕಥೆಗಳಲ್ಲಿ ಸರ್ಪ ಎಂದಿನಿಂದಲೂ ಮಾಡುತ್ತ ಬಂದಿದೆ. ಡ್ರ್ಯಾಗನ್ ಇದ್ದರೆ ಅದನ್ನು ಕೊಲ್ಲುವ ವೀರನೊಬ್ಬ ಬೇಕು; ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುವ ಜನರ ನಡುವೆ ಆ ವೀರನನ್ನು ನಿಲ್ಲಿಸಲು ನನ್ನಿಂದಾಗಲಿಲ್ಲ. ಹಾಗೆಂದು ನಾಗನನ್ನೂ ಪಾತ್ರವಾಗಿ ತರಲಿಲ್ಲ, ಕಟ್ಟೆಯನ್ನೂ ಕಲ್ಲನ್ನೂ ಮಾತ್ರ ಉಳಿಸಿಕೊಂಡೆ. ಇನ್ನು ಕೊಳ್ಳಿದೆವ್ವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗದ್ದೆಯ ಆಚೆ ರಾತ್ರಿ ತಾನಾಗಿ ಚಲಿಸುವ ಬೆಂಕಿಗೆ ಯಾವ ಊರಿನಲ್ಲೂ ಜಾಗವಿದೆ.

ಪಂಜುರ್ಲಿಯನ್ನು ಕೈಬಿಟ್ಟದ್ದು ಬೇರೆಯದೇ ಕಾರಣಕ್ಕೆ. ಹಂದಿಯ ಮುಖದ ಆ ದೈವ ತುಳುನಾಡಿನಲ್ಲಿ ಇಂದಿಗೂ ಕೋಲದಲ್ಲಿ ಬಂದು ನಿಂತು ಜನರಿಗೆ ನುಡಿ ಕೊಡುತ್ತದೆ. ನುಡಿ ಕೇಳಿ ಮನೆಗೆ ಹೋಗುವವರ ದೈವವನ್ನು ನನ್ನ ಕಥೆಯ ತಿರುವಿಗಾಗಿ ಓಡಾಡಿಸುವುದು ತಪ್ಪೆಂದು ನನಗನ್ನಿಸಿತು. ಹಾಗಾದರೆ ಶರಭ, ಗಂಡಭೇರುಂಡಗಳೂ ಶಿವ ವಿಷ್ಣುಗಳ ರೂಪವಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಹೌದು, ಪುರಾಣದಲ್ಲಿ ಹಾಗಿದೆ. ಆದರೆ ಬೇಲೂರಿನ ಶಿಲ್ಪಿ ಅವನ್ನು ಜಿಂಕೆ, ಹೆಬ್ಬಾವುಗಳ ಸಾಲಿನಲ್ಲಿ ಕಾಡಿನ ಜೀವಿಗಳಾಗಿಯೇ ಕಡೆದಿದ್ದಾನೆ. ನಾನು ಹಿಡಿದದ್ದು ಆ ದಾರಿಯನ್ನು.

ಅತಿ ಹೆಚ್ಚು ಕಾಡಿದ್ದು ಗಂಡಭೇರುಂಡವೇ. ರಾಜ್ಯದ ಲಾಂಛನದಲ್ಲಿ, ಸರ್ಕಾರಿ ಕಾಗದದ ತಲೆಯಲ್ಲಿ, ಬಸ್ಸಿನ ಮೈಮೇಲೆ ದಿನವೂ ಕಾಣುವ ಹಕ್ಕಿಗೆ ಕನ್ನಡದ ಓದುಗ ಹೆದರುವುದು ಹೇಗೆ? ಬಳ್ಳಿಗಾವೆಯಲ್ಲಿ 1047ರ ಕಂಬದ ಮೇಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈಯಿದೆ, ತಲೆಗಳೆರಡು ಮಾತ್ರ ಹಕ್ಕಿಯವು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಕೊಕ್ಕು ಉಗುರುಗಳಲ್ಲಿ ಆನೆಗಳನ್ನು ಇಲಿಮರಿಗಳಂತೆ ಎತ್ತಿಕೊಂಡಿದೆ. ಎರಡನ್ನೂ ನೋಡಿದ ಮೇಲೆ, ಲಾಂಛನದ ಚಿತ್ರ ಓದುಗನ ಮನಸ್ಸಿಗೆ ಬರುವ ಮೊದಲೇ ಆ ಗಾತ್ರ ಬರಬೇಕೆಂದು ನಿರ್ಧರಿಸಿದೆ. ಹಾಗಾಗಿ ನನ್ನ ಕಾದಂಬರಿಯಲ್ಲಿ ಅದು ಪೂರ್ತಿಯಾಗಿ ಎಲ್ಲಿಯೂ ಕಾಣುವುದಿಲ್ಲ. ಸಿಂಹವನ್ನು ಸೀಳಿ ತಿನ್ನುತ್ತಿದ್ದ ಶರಭ ತಟ್ಟನೆ ಬಾಯಿಯ ಮಾಂಸವನ್ನು ಬಿಟ್ಟು, ಎಂಟೂ ಕಾಲುಗಳನ್ನು ಹೊಟ್ಟೆಯಡಿ ಮಡಚಿಕೊಂಡು ಹೆಮ್ಮರದ ಬುಡಕ್ಕೆ ಒತ್ತಿಕೊಳ್ಳುತ್ತದೆ. ಬಿಸಿಲಿದ್ದ ಇಡೀ ಇಳಿಜಾರು ಕಪ್ಪಾಗುತ್ತದೆ. ಆ ಕಪ್ಪು ಮುಂದೆ ಸರಿದು ಎದುರಿನ ಗುಡ್ಡವನ್ನು ಹತ್ತುವಾಗ ಅದರ ತುದಿ ಎರಡಾಗಿ ಕವಲೊಡೆದಿರುತ್ತದೆ. ಕಣಿವೆಯ ಜನ ಅದರ ಹೆಸರು ಹೇಳುವುದಿಲ್ಲ, ‘ಮೇಲಿನದು’ ಎನ್ನುತ್ತಾರೆ. ‘ಗಂಡಭೇರುಂಡ’ ಎಂಬ ಪದವನ್ನು ಕೊನೆಯ ಕರಡಿನಲ್ಲಿ ಹುಡುಕಿ ಹುಡುಕಿ ತೆಗೆದಿದ್ದೇನೆ.