ಕಾಲೇಜಿನಲ್ಲಿ ಮತದಾರರ ನೋಂದಣಿ: ಅರ್ಜಿಯಿಂದ ಮತಗಟ್ಟೆಯವರೆಗೆ

ಜಾಥಾ, ರಂಗೋಲಿ, ಪ್ರತಿಜ್ಞೆ, ಸೆಲ್ಫಿ ಪಾಯಿಂಟ್ ಎಲ್ಲವೂ ಚೆನ್ನ. ಆದರೆ ಇವುಗಳಿಂದ ಯಾರ ಹೆಸರೂ ಮತದಾರರ ಪಟ್ಟಿಗೆ ಏರುವುದಿಲ್ಲ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದಲ್ಲಿ ಪಟ್ಟಿಯಲ್ಲಿದ್ದ 18–19ರ ವಯಸ್ಸಿನವರು ಸುಮಾರು 1.8 ಕೋಟಿ. ಆ ವಯಸ್ಸಿನವರ ಅಂದಾಜು ಜನಸಂಖ್ಯೆ 4.9 ಕೋಟಿಯ ಆಸುಪಾಸು. ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹಾಕಲು ಮತವೇ ಇರಲಿಲ್ಲ. ಮತದಾನದ ಶೇಕಡಾವಾರು ಲೆಕ್ಕ ಪಟ್ಟಿಯಲ್ಲಿರುವವರ ಮೇಲೆ ಮಾತ್ರ ನಡೆಯುವುದರಿಂದ ಇವರು ಆ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದೂ ಇಲ್ಲ. ಹಾಗಾಗಿ ನಮ್ಮ ಕಾಲೇಜಿನ ಮತದಾರರ ಸಾಕ್ಷರತಾ ಸಂಘದಲ್ಲಿ ಶ್ರಮದ ಮುಕ್ಕಾಲು ಪಾಲು ನಮೂನೆ 6ಕ್ಕೆ, ಅಂದರೆ ಹೊಸದಾಗಿ ಹೆಸರು ಸೇರಿಸುವ ಅರ್ಜಿಗೆ, ಹೋಗುತ್ತದೆ. ಭಾಷಣಕ್ಕೆ ಉಳಿಯುವುದು ಚೂರೇ ಚೂರು.

ಮೊದಲು ಕ್ಯಾಲೆಂಡರ್. ಹಿಂದೆ ಜನವರಿ 1ಕ್ಕೆ 18 ತುಂಬದವರು ಇಡೀ ವರ್ಷ ಕಾಯಬೇಕಿತ್ತು. 2022ರ ಆಗಸ್ಟ್ 1ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ಅರ್ಹತಾ ದಿನಾಂಕಗಳಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ವಯಸ್ಸು ತುಂಬಿದ ತ್ರೈಮಾಸಿಕದಲ್ಲಿ ಅದು ಪರಿಶೀಲನೆಗೆ ಬರುತ್ತದೆ. ಆದ್ದರಿಂದ ಈ ಕೆಲಸಕ್ಕೆ ಸರಿಯಾದ ಜಾಗ ಪದವಿ ಕಾಲೇಜಲ್ಲ, ದ್ವಿತೀಯ ಪಿಯುಸಿ ತರಗತಿ. ಅಲ್ಲಿ ಮಕ್ಕಳು ಇನ್ನೂ ಮನೆಯಲ್ಲೇ ಇರುತ್ತಾರೆ, ದಾಖಲೆಗಳೂ ಕೈಗೆ ಸಿಗುತ್ತವೆ.

ಚುನಾವಣೆ ಘೋಷಣೆಯಾದ ಮೇಲೂ ಅರ್ಜಿ ಹಾಕಬಹುದು ಎನ್ನುವುದು ನಿಜ, ಆದರೆ ಅರ್ಧ ನಿಜ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಪಟ್ಟಿಗೆ ಹೊಸ ಹೆಸರು ಸೇರುವಂತಿಲ್ಲ. ಪ್ರತಿ ಅರ್ಜಿಯನ್ನೂ ಆಕ್ಷೇಪಣೆಗಾಗಿ ಏಳು ದಿನ ಪ್ರಕಟಿಸಬೇಕು, ಆಮೇಲೆ ಆದೇಶವಾಗಬೇಕು. ನಾಮಪತ್ರದ ಕೊನೆಯ ದಿನಕ್ಕೆ ಹತ್ತು ದಿನ ಮೊದಲೇ ಅರ್ಜಿ ಒಳಗೆ ಹೋಗಿರದಿದ್ದರೆ ಈ ಬಾರಿಗೆ ಆಸೆ ಬಿಡುವುದೇ ಮೇಲು. ಮಾಧ್ಯಮಗಳಲ್ಲಿ ಸದ್ದು ಜೋರಾಗುವುದು ಇದಾದ ಮೇಲೆ ಎಂಬುದೇ ತೊಂದರೆ.

ಇನ್ನು ಅಸಲಿ ಪ್ರಶ್ನೆ: ಹೆಸರು ಎಲ್ಲಿ ಸೇರಿಸಬೇಕು? ಅರ್ಜಿ ತುಂಬಿಸುವ ಮುನ್ನ ಪ್ರತಿ ವಿದ್ಯಾರ್ಥಿಯನ್ನೂ ನಾವು ಕೇಳುವುದು ಇದೊಂದೇ: "ಮತದಾನದ ದಿನ ನೀನು ಎಲ್ಲಿರುತ್ತೀಯ?" ಕಲಬುರಗಿಯ ಹುಡುಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ, ಹೆಸರು ಊರಿನಲ್ಲಿದೆ ಎಂದುಕೊಳ್ಳಿ. 2024ರಲ್ಲಿ ಬೆಂಗಳೂರಿಗೆ ಮತದಾನ ನಡೆದದ್ದು ಏಪ್ರಿಲ್ 26ರ ಶುಕ್ರವಾರ, ಕಲಬುರಗಿಗೆ ಮೇ 7ರ ಮಂಗಳವಾರ. ಇಲ್ಲಿ ರಜೆ ಇದ್ದ ದಿನ ಅವನಿಗೆ ಮತವಿಲ್ಲ. ಅಲ್ಲಿ ಮತವಿದ್ದ ದಿನ ವಾರದ ನಡುವೆ, ಎರಡು ರಾತ್ರಿಯ ಬಸ್ ಪ್ರಯಾಣ. ಇಂಥವನನ್ನು ನಿರಾಸಕ್ತ ಎಂದು ಬೈಯುವುದರಲ್ಲಿ ಅರ್ಥವಿಲ್ಲ.

ಹಾಸ್ಟೆಲ್, ಮೆಸ್‌ಗಳಲ್ಲಿದ್ದು ಓದುವವರು ಹೆತ್ತವರ ಮನೆಯ ವಿಳಾಸದಲ್ಲಾದರೂ ಓದುವ ಜಾಗದಲ್ಲಾದರೂ ಹೆಸರು ಸೇರಿಸಬಹುದು. ಕೋರ್ಸು ಮಾನ್ಯತೆ ಪಡೆದಿರಬೇಕು, ಅವಧಿ ಒಂದು ವರ್ಷಕ್ಕೆ ಕಡಿಮೆಯಿರಬಾರದು. ಪ್ರಾಂಶುಪಾಲರ ಬೋನಾಫೈಡ್ ಪ್ರಮಾಣಪತ್ರ ಬೇಕು. ನಾವು ಅದರ ಮಾದರಿಯನ್ನು ಮೊದಲೇ ಅಚ್ಚು ಹಾಕಿಸಿ, ಸೀಲು ಹೊಡೆಸಿ ಇಟ್ಟುಕೊಳ್ಳುತ್ತೇವೆ. ಒಬ್ಬೊಬ್ಬರೇ ಕಚೇರಿಗೆ ಅಲೆದರೆ ಅರ್ಧಕ್ಕರ್ಧ ಮಂದಿ ದಾರಿಯಲ್ಲೇ ಕಳಚಿಕೊಳ್ಳುತ್ತಾರೆ. ಪಿಜಿಯಲ್ಲಿರುವವರ ಪಾಡು ಕಷ್ಟ. ಬಾಡಿಗೆ ಕರಾರು ಇರುವುದಿಲ್ಲ, ಮಾಲೀಕರು ಕಾಗದ ಕೊಡಲು ಒಪ್ಪುವುದಿಲ್ಲ. ಅರ್ಜಿಯಲ್ಲಿ ಹೆಸರಿಸಿದ ದಾಖಲೆಗಳು ಯಾವುವೂ ಇಲ್ಲದಿದ್ದಾಗ ಬೇರೆ ದಾಖಲೆ ಕೊಡಬಹುದು. ಆಗ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಸ್ಥಳಕ್ಕೆ ಬಂದು ನೋಡಲೇಬೇಕು. ಹೀಗಾಗಿ ಅವರು ಬಂದಾಗ "ಹೌದು, ಇಲ್ಲೇ ಇದ್ದಾನೆ" ಎಂದು ಹೇಳುವವರು ಪಿಜಿಯಲ್ಲಿ ಒಬ್ಬರಾದರೂ ಇರುವಂತೆ ನೋಡಿಕೊಳ್ಳಬೇಕು.

ಎರಡೂ ಕಡೆ ಹೆಸರಿರುವಂತಿಲ್ಲ. ನಮೂನೆ 6ರಲ್ಲಿ ಬೇರೆಲ್ಲೂ ಹೆಸರಿಲ್ಲ ಎಂದು ಘೋಷಿಸಿ ಸಹಿ ಹಾಕುತ್ತೇವೆ. ಅದು ಸುಳ್ಳಾದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಊರಿನಲ್ಲಿ ಅಪ್ಪ ಆಗಲೇ ಹೆಸರು ಸೇರಿಸಿರುವುದು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಅದಕ್ಕೇ ಮೊದಲು ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಹೆಸರು ಹುಡುಕಿ ನೋಡುವುದು. ಹೆಸರಿದ್ದರೆ ಸ್ಥಳಾಂತರಕ್ಕೆ ನಮೂನೆ 8. ಇಲ್ಲದಿದ್ದರೆ ಮಾತ್ರ ನಮೂನೆ 6.

ದಾಖಲೆಗಳು ಸಿದ್ಧವಿದ್ದರೆ ಒಂದು ಅರ್ಜಿಗೆ ಕಾಲು ಗಂಟೆ ಸಾಕು. ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಅಳತೆಯ ಫೋಟೊ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಳಾಸಕ್ಕೆ ಆಧಾರ್ ಅಥವಾ ಪಾಸ್‌ಬುಕ್, ಜೊತೆಗೆ ಅಪ್ಪನದೋ ಅಮ್ಮನದೋ ವೋಟರ್ ಐಡಿ ಸಂಖ್ಯೆ. ಕೆಲವು ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುವುದರಿಂದ ವಯಸ್ಸಿಗೆ ಅಂಕಪಟ್ಟಿಯೇ ವಾಸಿ. ಎಲ್ಲರೂ ಬಿಟ್ಟುಬರುವುದು ಹೆತ್ತವರ ಸಂಖ್ಯೆಯನ್ನೇ. ಮೂರು ಇಂಗ್ಲಿಷ್ ಅಕ್ಷರ, ಏಳು ಅಂಕಿ. ಅದಿದ್ದರೆ ಹೊಸ ಹೆಸರು ಪಟ್ಟಿಯಲ್ಲಿ ಮನೆಯವರಿರುವ ಭಾಗದಲ್ಲೇ (ಒಂದು ಮತಗಟ್ಟೆಗೆ ಸೇರಿದ ಪಟ್ಟಿಯಲ್ಲೇ) ಕೂರುತ್ತದೆ. ಇಲ್ಲದಿದ್ದರೆ ಅಪ್ಪ ಅಮ್ಮ ಒಂದು ಮತಗಟ್ಟೆಗೆ, ಮಗಳು ಇನ್ನೊಂದಕ್ಕೆ ಹೋಗಬೇಕಾಗಿ ಬರಬಹುದು.

ಇನ್ನೊಂದು ಕಾಟ ಕನ್ನಡದ ಹೆಸರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಪೋರ್ಟಲ್ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ವೀಣಾ ವೀನಾ ಆಗುತ್ತಾಳೆ, ಮಂಗಳಾ ಮಂಗಲ ಆಗುತ್ತಾಳೆ. ಆ ಪೆಟ್ಟಿಗೆಯನ್ನು ಕೈಯಾರೆ ತಿದ್ದಬಹುದು, ಆದರೆ ಯಾರೂ ನೋಡುವುದಿಲ್ಲ. ನಮ್ಮಲ್ಲಿ ತುಂಬಿದವರ ಅರ್ಜಿಯನ್ನು ಪಕ್ಕದವರು ಗಟ್ಟಿಯಾಗಿ ಓದಿದ ಮೇಲೆಯೇ ಸಲ್ಲಿಸುವ ಬಟನ್ ಒತ್ತುವುದು. ಮೊಬೈಲ್ ಸಂಖ್ಯೆ ವಿದ್ಯಾರ್ಥಿಯದೇ ಆಗಿರಲಿ. ಸೈಬರ್ ಸೆಂಟರ್‌ನವರ ಸಂಖ್ಯೆ ಕೊಟ್ಟರೆ ಮುಂದಿನ ಸಂದೇಶಗಳೆಲ್ಲ ಅವರ ಪಾಲು.

ಸಲ್ಲಿಸಿದ ಮೇಲೆ ಬರುವ ರೆಫರೆನ್ಸ್ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ಸ್ಥಿತಿ ನೋಡುತ್ತೇವೆ. ಬಿಎಲ್‌ಒ ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆಯೋ ಶಿಕ್ಷಕರೋ ಆಗಿರುತ್ತಾರೆ. ತಮ್ಮ ಕೆಲಸದ ನಡುವೆ ಇದನ್ನೂ ಮಾಡುವವರು. ಮನೆ ಬೀಗ ಹಾಕಿತ್ತು, ಫೋನ್ ಎತ್ತಲಿಲ್ಲ ಎಂದರೆ ಅರ್ಜಿ ತಿರಸ್ಕೃತ. ಗೊತ್ತಿಲ್ಲದ ಸಂಖ್ಯೆಯ ಕರೆಯನ್ನು ಎತ್ತಿ ಎಂದು ಈ ಮಕ್ಕಳಿಗೆ ಹೇಳಿಕೊಡುವುದೇ ದೊಡ್ಡ ಪಾಠ. ಒಂದೇ ಪ್ರದೇಶದ ಅರ್ಜಿಗಳಿದ್ದರೆ ಪಟ್ಟಿ ಮಾಡಿ ಬಿಎಲ್‌ಒಗೆ ಒಟ್ಟಿಗೆ ಕೊಟ್ಟರೆ ಅವರಿಗೂ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ.

ಕಾರ್ಡು ಕೈಗೆ ಬಂದ ಮಾತ್ರಕ್ಕೆ ಮತ ಇದೆ ಎಂದಲ್ಲ. ಪಟ್ಟಿಯಲ್ಲಿ ಹೆಸರಿದ್ದರಷ್ಟೇ ಮತ. ಮತದಾನಕ್ಕೆ ಒಂದು ವಾರವಿರುವಾಗ ಎಲ್ಲರೂ ಮತ್ತೊಮ್ಮೆ ಹೆಸರು ಹುಡುಕಿ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆಯ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಫೋನಿನಲ್ಲಿದ್ದರೆ ಸಾಲದು, ಫೋನನ್ನು ಮತಗಟ್ಟೆಯೊಳಗೆ ಒಯ್ಯುವಂತಿಲ್ಲ. ಇ-ಎಪಿಕ್ (ವೋಟರ್ ಐಡಿಯ ಡಿಜಿಟಲ್ ಪ್ರತಿ) ಇಳಿಸಿಕೊಂಡವರು ಮುದ್ರಿಸಿಕೊಂಡು ಹೋಗಬೇಕು. ಕಾರ್ಡು ಬಂದಿರದಿದ್ದರೆ ಆಧಾರ್, ಪಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಇಂಥವು ನಡೆಯುತ್ತವೆ. ಕಾಲೇಜಿನ ಗುರುತಿನ ಚೀಟಿ ನಡೆಯುವುದಿಲ್ಲ. ಬಿಎಲ್‌ಒ ಮನೆಗೆ ಕೊಡುವ ಮತದಾರರ ಚೀಟಿ ಕೂಡ ಗುರುತಿನ ದಾಖಲೆಯಲ್ಲ.

ಮೊದಲ ಬಾರಿ ಹೋಗುವವರಿಗೆ ಒಳಗೆ ಏನು ಮಾಡಬೇಕೆಂಬ ಅಳುಕು ಇದ್ದೇ ಇರುತ್ತದೆ. ತರಗತಿಯಲ್ಲಿ ಮೂರು ಮೇಜು ಹಾಕಿ ನಡೆಸಿ ತೋರಿಸುತ್ತೇವೆ. ಮೊದಲ ಅಧಿಕಾರಿ ಹೆಸರು, ದಾಖಲೆ ನೋಡುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಪಡೆದು ಚೀಟಿ ಕೊಡುತ್ತಾರೆ. ಮೂರನೆಯವರು ಆ ಚೀಟಿ ಪಡೆದು ಯಂತ್ರ ಸಿದ್ಧ ಮಾಡುತ್ತಾರೆ. ಬಟನ್ ಒತ್ತಿದ ಮೇಲೆ ವಿವಿಪ್ಯಾಟ್ ಎಂಬ ಪಕ್ಕದ ಯಂತ್ರದ ಕಿಟಕಿಯಲ್ಲಿ ಮತ ಯಾರಿಗೆ ಬಿತ್ತೆಂದು ತೋರಿಸುವ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ಬೀಪ್ ಕೇಳಿದ ಮೇಲೆ ಹೊರಡಬಹುದು. ನೋಟಾ ಕೊನೆಯ ಬಟನ್. ನಿಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಹಾಕಿಹೋಗಿದ್ದರೆ ಸುಮ್ಮನೆ ವಾಪಸಾಗದೆ ಟೆಂಡರ್ಡ್ ಮತಪತ್ರ (ಇಂಥ ಸಂದರ್ಭಕ್ಕೆಂದೇ ಇರುವ ಕಾಗದದ ಮತಪತ್ರ) ಕೇಳಿ ಪಡೆಯಿರಿ.

ಓದು ಮುಗಿಸಿ ಕೆಲಸಕ್ಕೆ ಸೇರಿದವರಿಗೆ ಹೇಳುವುದೆಂದರೆ, ಮತದಾನದ ದಿನ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ, ದಿನಗೂಲಿಯವರಿಗೂ. ಊರಿಗೆ ಹೋಗಲು ಅಭ್ಯರ್ಥಿಯ ಕಡೆಯವರು ಬಸ್ ಮಾಡಿಕೊಡುತ್ತೇವೆಂದರೆ ಹತ್ತಬೇಡಿ, ಅದು ಚುನಾವಣಾ ಅಕ್ರಮ.

ಮತದಾನದ ಮರುವಾರ ನಮ್ಮ ಪುಸ್ತಕದಲ್ಲಿ ಇನ್ನೊಂದು ಕಾಲಂ ತುಂಬುತ್ತೇವೆ: ಹಾಕಲಾಗದವರು ಯಾರು, ಏಕೆ. ಹೆಸರಿಲ್ಲದವರಿಗೆ ನಮೂನೆ 6, ದೂರವಾದವರಿಗೆ ನಮೂನೆ 8. ಸುಮ್ಮನೆ ಹೋಗದವರನ್ನು ಏನೂ ಕೇಳುವುದಿಲ್ಲ. ಅವರ ಸಂಖ್ಯೆ ಮಾತ್ರ ಬರೆದುಕೊಳ್ಳುತ್ತೇವೆ, ಉಳಿದೆರಡು ಗುಂಪುಗಳಿಗಿಂತ ಅದು ಸಾಮಾನ್ಯವಾಗಿ ಚಿಕ್ಕದೇ ಇರುತ್ತದೆ.