ಬಡ ಮಕ್ಕಳ ಕ್ಯಾಂಪಿಗೆ ಫೀಸು ಇಟ್ಟೆವು: ನನ್ನ ಅನುಭವ

ಈ ಸಲ ನಮ್ಮ ಚರ್ಚಿನ ನಾಲ್ಕು ದಿನದ ಮಕ್ಕಳ ಬೇಸಿಗೆ ಕ್ಯಾಂಪಿಗೆ ಎಪ್ಪತ್ತರ ಹತ್ತಿರ ಮಕ್ಕಳು ಬಂದಿದ್ದರು. ನಡುವೆ ಬಿಟ್ಟು ಹೋದವರು ಇಬ್ಬರೋ ಮೂವರೋ. ಅವರಲ್ಲೊಬ್ಬನಿಗೆ ಮಂಗನಬಾವು, ನಾವೇ ಮನೆಗೆ ಕಳಿಸಿದ್ದು. ಕ್ಯಾಂಪ್ ನಡೆಸಿ ಕೈ ಸುಟ್ಟುಕೊಂಡವರಿಗೆ ಈ ಲೆಕ್ಕದ ಬೆಲೆ ಗೊತ್ತು. ಬಿಟ್ಟಿ ಕ್ಯಾಂಪಿನ ಕಾಲದಲ್ಲಿ ಮೊದಲ ದಿನ ನಲವತ್ತು ಮಕ್ಕಳಿದ್ದರೆ ಎರಡನೇ ದಿನ ಇಪ್ಪತ್ತೈದು ಇರುತ್ತಿದ್ದರು. ಕೊನೆಯ ದಿನ ಕೋಳಿ ಊಟಕ್ಕೆ ಮಾತ್ರ ನೂರರ ಮೇಲೆ! ತಮ್ಮ, ತಂಗಿ, ಓಣಿಯ ಗೆಳೆಯರು ಎಲ್ಲರೂ ಸಾಲಾಗಿ ಬಂದು ಕೂರುತ್ತಿದ್ದರು. ಬಡಿಸುವ ನಮ್ಮ ಮಹಿಳಾ ಕೂಟದವರಿಗೆ ಕೊನೆಗೆ ಬರೀ ಸಾರು.

ಬದಲಾದದ್ದು ಮುಖ್ಯವಾಗಿ ಒಂದೇ. ಫೀಸು ಇಟ್ಟೆವು. ತಲೆಗೆ 150 ರೂಪಾಯಿ.

"ಗೌಂಡಿ ಕೆಲಸದವರ ಮಕ್ಕಳ ಹತ್ರ ರೊಕ್ಕ ಕೇಳೂದು ಯಾವ ಕ್ರಿಸ್ತೀಯತನ ರೀ ಅಕ್ಕಾರ?" ಎಂದು ಚರ್ಚಿನ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯಲ್ಲಿ ಒಬ್ಬ ಹಿರಿಯರು ಕೇಳಿದ್ದರು. ಪಕ್ಕದ ಚರ್ಚಿನ ಸಭೆಯವರಂತೂ ನನಗೆ 'ಟಿಕೆಟ್ ಅಕ್ಕ' ಎಂದು ಹೆಸರಿಟ್ಟಿದ್ದರು. ಅದೇ ಸಭೆಯವರು ಈಗ ನಾವು ಫೀಸು ಕಟ್ಟಿಸಿಕೊಳ್ಳುವ ಕಾರ್ಡಿನ ನಮೂನೆ ತರಿಸಿಕೊಂಡಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಗದಗ-ಬೆಟಗೇರಿ ಕಡೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಮಿಶನ್ ಅಂದರೆ ಕೊಡುವವರು, ಸಭೆ ಅಂದರೆ ಇಸಕೊಳ್ಳುವವರು ಅನ್ನುವ ಭಾವನೆ ನಮ್ಮ ಜನರಿಂದ ಇನ್ನೂ ಪೂರಾ ಹೋಗಿಲ್ಲ. ನಮ್ಮ ಮಕ್ಕಳ ಅಪ್ಪ ಅವ್ವಂದಿರಲ್ಲಿ ನೇಕಾರರಿದ್ದಾರೆ, ಎಪಿಎಂಸಿ ಹಮಾಲರಿದ್ದಾರೆ, ಇಟ್ಟಂಗಿ ಭಟ್ಟಿಯವರಿದ್ದಾರೆ. ಇನ್ನೊಂದಷ್ಟು ಮನೆಯವರು ಬೇಸಿಗೆ ಬಂತೆಂದರೆ ಗೋವಾ, ಮಂಗಳೂರು ಕಡೆ ದುಡಿಯಲು ಗುಳೆ ಹೋಗುತ್ತಾರೆ. ಎಲ್ಲರೂ ಮಾಡುವಂತೆ ನಾವೂ ಮೇ ತಿಂಗಳಿನಲ್ಲಿ ಕ್ಯಾಂಪ್ ಇಡುತ್ತಿದ್ದೆವು. ಮೇ ತಿಂಗಳಿನಲ್ಲಿ ಊರಲ್ಲಿ ಮಕ್ಕಳೇ ಇರುವುದಿಲ್ಲ! ಇದ್ದವರು ಮದುವೆಗಳಲ್ಲಿ. ಈಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಶಾಲೆಗೆ ರಜೆ ಬಿದ್ದ ಕೂಡಲೇ, ಏಪ್ರಿಲ್ ನಡುವಿನಲ್ಲಿ ಇಡುತ್ತೇವೆ. ಈಸ್ಟರ್ ಅಡ್ಡ ಬಂದರೆ ಒಂದು ವಾರ ಹಿಂದೆ ಮುಂದೆ. 2025ರಲ್ಲಿ ಏಪ್ರಿಲ್ 20ಕ್ಕೇ ಈಸ್ಟರ್ ಬಿದ್ದಿದ್ದರಿಂದ ಒದ್ದಾಡಬೇಕಾಯಿತು.

ಹಣದ ಕಥೆ ಸ್ವಲ್ಪ ಉದ್ದ. ಮೊದಲೆಲ್ಲ ದೊಡ್ಡ ಸಂಸ್ಥೆಗಳಿಗೆ ಹೊರದೇಶದಿಂದ ಬಂದ ಹಣದಲ್ಲಿ ಒಂದು ಪಾಲು ನಮ್ಮಂಥ ಸಣ್ಣವರಿಗೂ ಹರಿದು ಬರುತ್ತಿತ್ತು. 2020ರಲ್ಲಿ ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎ ತಿದ್ದುಪಡಿಯಾಗಿ, ಹಾಗೆ ಬಂದ ಹಣವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ ಎಂದಾಯಿತು. ಆ ಬಾಗಿಲು ಅಲ್ಲಿಗೆ ಮುಚ್ಚಿತು. ಆಮೇಲೆ ಇಲ್ಲಿಯದೇ ಒಂದು ಸಂಸ್ಥೆ ಪೂರ್ತಿ ಖರ್ಚು ತಾನೇ ನೋಡಿಕೊಳ್ಳುತ್ತೇನೆಂದು ಮುಂದೆ ಬಂತು. ನಾವು ಅಕ್ಕಿ, ಬೇಳೆ ತುಂಬಿಸಿದ ಮೇಲೆ ಫೋನ್ ಮಾಡಿ, ಪ್ರತಿ ಮಗುವೂ ಹರಕು ಅಂಗಿಯಲ್ಲಿ ಫಲಕ ಹಿಡಿದು ನಿಂತ ಫೋಟೋ ಬೇಕು ಎಂದರು. ನಮ್ಮ ತಾಯಂದಿರು ಇದ್ದುದರಲ್ಲೇ ಒಳ್ಳೆಯ ಅಂಗಿ ಒಗೆದು ಇಸ್ತ್ರಿ ಮಾಡಿ ಕಳಿಸಿದ್ದರು. ಆಗುವುದಿಲ್ಲ ಎಂದೆ. ಹಣ ಬರಲಿಲ್ಲ. ಕಿರಾಣಿ ಅಂಗಡಿಯ ಬಾಕಿ, ಹದಿನೆಂಟು ಸಾವಿರದ ಮೇಲಿತ್ತು, ಕ್ರಿಸ್ಮಸ್‌ವರೆಗೆ ಎಳೆಯಿತು. ಆ ಅಂಗಡಿಯ ಮುಂದೆ ಹಾಯುವಾಗೆಲ್ಲ ಸೆರಗು ಹೊದ್ದು ಹೋಗುತ್ತಿದ್ದೆ.

ಕಾರ್ಡು ಹುಟ್ಟಿದ್ದು ಆ ಬಾಕಿಯಿಂದ. ರಟ್ಟಿನ ಸಣ್ಣ ಚೀಟಿ, ಅದರಲ್ಲಿ ಗೆರೆ ಎಳೆದ ಹದಿನೈದು ಚೌಕದ ಮನೆ, ಮನೆಗೆ 10 ರೂಪಾಯಿ. ಜನವರಿ ಮೊದಲ ಭಾನುವಾರದಿಂದ ಶುರು, ಏಪ್ರಿಲ್ ಹೊತ್ತಿಗೆ ತುಂಬುತ್ತದೆ. ಸಂಡೇ ಸ್ಕೂಲ್ ಮುಗಿದ ಮೇಲೆ ಮಗು ಬಂದು 10 ರೂಪಾಯಿ ಕೊಟ್ಟರೆ ಒಂದು ಠಸ್ಸೆ. ಕೊಡಲಾಗದ ಮಗು ಶನಿವಾರ ಸಂಜೆ ಬಂದು ಬೆಂಚು ಒರೆಸಬಹುದು, ಅಂಗಳಕ್ಕೆ ನೀರು ಹೊಡೆಯಬಹುದು, ಇಲ್ಲವೇ ಮನೆಯಿಂದ ಒಂದು ಸೇರು ಜೋಳವನ್ನೋ ಬೊಗಸೆ ಶೇಂಗಾವನ್ನೋ ತರಬಹುದು. ಅದಕ್ಕೂ ಅದೇ ಠಸ್ಸೆ, ಅದೇ ಬಣ್ಣ. ಯಾರು ದುಡ್ಡು ಕೊಟ್ಟರು, ಯಾರು ಕಸ ಹೊಡೆದರು ಎಂಬುದು ಕಾರ್ಡು ನೋಡಿದರೆ ತಿಳಿಯಬಾರದು. ಬೇಕಾದರೆ ಬೇರೆ ಎಲ್ಲ ಬದಲಿಸಿಕೊಳ್ಳಿ, ಈ ಠಸ್ಸೆಯ ಬಣ್ಣ ಬದಲಿಸಬೇಡಿ. ಮಾರ್ಚಿನಲ್ಲಿ ಕಾರ್ಡು ಹಿಂದೆ ಬಿದ್ದವರನ್ನು ಹೇಗೆ ಎಳೆದು ತರುತ್ತೇವೆ ಎಂಬುದು ಮಾತ್ರ ನಮ್ಮಲ್ಲೇ ಇರಲಿ. ಕೇಳಿದವರಿಗೆಲ್ಲ ಒಂದೇ ಮಾತು: ಬಂದು ಒಂದು ವರ್ಷ ನಮ್ಮ ಜೊತೆ ದುಡಿಯಿರಿ, ತಾನಾಗಿ ಗೊತ್ತಾಗುತ್ತದೆ.

ಮೊದಲ ವರ್ಷ ಕಾರ್ಡು ತಗೊಂಡವರಲ್ಲಿ ಅರ್ಧದಷ್ಟು ಜನ ಫೆಬ್ರುವರಿಯಲ್ಲೇ ಕೈಬಿಟ್ಟರು. "ನೋಡ್ರಿ, ಹೇಳಿದ್ವಲ್ಲ" ಎಂಬ ಮಾತು ಆಗ ಎಷ್ಟು ಸಲ ಕೇಳಿದೆನೋ. ಆದರೆ ಉಳಿದ ಮಕ್ಕಳು ಕ್ಯಾಂಪಿನಲ್ಲಿ ನಡೆದುಕೊಂಡ ರೀತಿಯೇ ಬೇರೆ. ಆರನೇ ತರಗತಿಯ ಒಬ್ಬ ಹುಡುಗ ಉಪ್ಪಿಟ್ಟಿನಲ್ಲಿ ಉಪ್ಪು ಹೆಚ್ಚಾಗಿದೆ ಎಂದು ತಟ್ಟೆ ಹಿಡಿದು ನೆಟ್ಟಗೆ ಅಡುಗೆಮನೆಗೇ ಬಂದ. ಬಿಟ್ಟಿ ಕ್ಯಾಂಪಿನಲ್ಲಿ ಇಂಥ ಮಗು ಸುಮ್ಮನೆ ಗೋಡೆ ಹಿಂದೆ ಚೆಲ್ಲಿ ಹೋಗುತ್ತಿತ್ತು. ಅಡುಗೆಯವರಿಗೆ ಸಿಟ್ಟು ಬಂತು, ನನಗೆ ಮಾತ್ರ ಹಿಡಿಸಲಾರದಷ್ಟು ಖುಷಿ.

ಕೋಳಿಯನ್ನು ಕೊನೆಯ ದಿನದಿಂದ ನಡುವಿನ ಒಂದು ರಾತ್ರಿಗೆ ತಂದೆವು. ಯಾವ ರಾತ್ರಿ ಎಂದು ಮೊದಲೇ ಬಾಯಿ ಬಿಡುವುದಿಲ್ಲ. ಕಾರ್ಡಿದ್ದವರಿಗೆ ಮಾತ್ರ ಎಲೆ.

ಊಟದ ಖರ್ಚು ಇಳಿಸಿದ್ದು ಕಟಕ ರೊಟ್ಟಿ. ಮಕ್ಕಳು ತಂದ ಜೋಳವನ್ನು ಮಾರ್ಚ್ ಕೊನೆಗೆ ಗಿರಣಿಗೆ ಹಾಕಿಸುತ್ತೇವೆ. ತಾಯಂದಿರು ಎರಡು ಮಧ್ಯಾಹ್ನ ಕೂತು ಬಡಿದು, ಬೇಯಿಸಿ, ಒಣಗಿಸಿ ಬುಟ್ಟಿಗೆ ಪೇರಿಸಿಡುತ್ತಾರೆ. ತಿಂಗಳಾದರೂ ಕೆಡುವುದಿಲ್ಲ. ರಾತ್ರಿ ಊಟಕ್ಕೆ ರೊಟ್ಟಿ, ಹೆಸರುಕಾಳ ಪಲ್ಯ, ಶೇಂಗಾ ಚಟ್ನಿ ಇದ್ದರೆ ಒಲೆಯ ಮೇಲೆ ಒಂದೇ ಪಾತ್ರೆ, ಸಿಲಿಂಡರ್ ಉಳಿತಾಯ. ಮುಂಜಾನೆ ಒಂದು ದಿನ ಚುರುಮುರಿ ಸೂಸಲ, ಒಂದು ದಿನ ಉಪ್ಪಿಟ್ಟು. ನೀರಿನದೇ ನಿಜವಾದ ಗೋಳು. ನಮ್ಮೂರಿನ ನಳದ ಮಾತು ಎತ್ತದಿರುವುದೇ ಒಳ್ಳೆಯದು. ದಿನಕ್ಕೊಂದು ಟ್ಯಾಂಕರ್, 700 ರೂಪಾಯಿಯ ಆಸುಪಾಸು. ತಟ್ಟೆ ತೊಳೆಯುವುದಕ್ಕೇ ಅರ್ಧ ಟ್ಯಾಂಕರ್ ಹೋಗುತ್ತದೆಂದು ಗೊತ್ತಾದ ಮೇಲೆ ಮುತ್ತುಗದ ಎಲೆಗೆ ಬಂದೆವು.

ನೆನಪಿನ ಮೇಲೆ ಹೇಳುವುದಾದರೆ ನಾಲ್ಕು ದಿನದ ಒಟ್ಟು ಖರ್ಚು 50 ಸಾವಿರದ ಸುತ್ತ. ಕೋಳಿ ಸೇರಿ ಊಟಕ್ಕೆ 26–27 ಸಾವಿರ. ಉಳಿದದ್ದು ಟ್ಯಾಂಕರ್, ಪೆಂಡಾಲು, ಬಾಡಿಗೆ ಫ್ಯಾನು, ಹಳ್ಳಿಯ ಮಕ್ಕಳನ್ನು ಕರೆತರುವ ಟಂಟಂ, ನೋಟ್‌ಬುಕ್ಕು, ಬಹುಮಾನಕ್ಕೆ. ಇದರಲ್ಲಿ ಕಾರ್ಡಿನ ಹಣ ಹತ್ತು ಸಾವಿರ ದಾಟುವುದಿಲ್ಲ, ಎಷ್ಟೋ ಠಸ್ಸೆ ಕಸಬರಿಗೆಯದ್ದಲ್ಲವೇ. ಹಾಗಾದರೆ ಫೀಸಿನಿಂದ ಏನು ಬಂತು ಎನ್ನಬಹುದು. ಬಂದದ್ದು ಚರ್ಚಿನ ಸುಗ್ಗಿ ಹಬ್ಬದ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ. ಮಕ್ಕಳೇ ಹತ್ತು ಹತ್ತು ಕೂಡಿಸುತ್ತಾರೆಂದು ಗೊತ್ತಾದ ಮೇಲೆ ಸಭೆಯವರಿಗೆ ನಾಚಿಕೆಯಾಯಿತೋ ಏನೋ, ಮುನ್ನೂರಕ್ಕೆ ಹೋಗುತ್ತಿದ್ದ ಜವಾರಿ ಹುಂಜ ಎರಡು ಸಾವಿರಕ್ಕೆ ಹೋಯಿತು. ಕೂಗಿದವರು ಅದೇ 'ಯಾವ ಕ್ರಿಸ್ತೀಯತನ' ಎಂದಿದ್ದ ಹಿರಿಯರು. ಹುಂಜವನ್ನು ಅಲ್ಲೇ ವಾಪಸು ಕೊಟ್ಟು, "ಮತ್ತೊಮ್ಮೆ ಹಚ್ರಿ" ಅಂದರು. ಒಂದೇ ಹುಂಜ ಮೂರು ಸಲ ಮಾರಾಟವಾಯಿತು.

ಇನ್ನು ದೊಡ್ಡ ಹುಡುಗರು. ಇವರನ್ನು ಕ್ಯಾಂಪಿಗೆ ತರುವುದು ಯಾರಿಗೂ ಆಗಿರಲಿಲ್ಲ. ಹದಿನಾರು ಹದಿನೇಳರವರು, ಶಾಲೆ ಬಿಟ್ಟವರು, ಗೌಂಡಿ ಕೈಯಾಳಾಗಿಯೋ ಬಟ್ಟೆ ಅಂಗಡಿಯಲ್ಲೋ ದುಡಿಯುವವರು. ದಿನಕ್ಕೆ 400–500 ರೂಪಾಯಿ ಪಗಾರ ಬಿಟ್ಟು ಆಕ್ಷನ್ ಸಾಂಗಿಗೆ ಚಪ್ಪಾಳೆ ತಟ್ಟಲು ಯಾರು ಬರುತ್ತಾರೆ? ಒಂದು ವರ್ಷ ದೂರದ ನಗರದಿಂದ ಭಾಷಣಕಾರರನ್ನು ಕರೆಸಿದ್ದೆವು, ಪ್ರೊಜೆಕ್ಟರ್ ಸಮೇತ. ಕರೆಂಟ್ ಹೋಯಿತು. ಬಂದ ಮೇಲೆ ಅವರು ಒಂದು ತಾಸು 'ಕರಿಯರ್ ಪ್ಲಾನಿಂಗ್' ಬಗ್ಗೆ ಮಾತಾಡಿದರು. ಸಿಮೆಂಟಿನಿಂದ ಬಿರುಕು ಬಿಟ್ಟ ಅಂಗೈ ನೋಡಿಕೊಳ್ಳುತ್ತ ಕೂತಿದ್ದ ಹುಡುಗರು ಒಬ್ಬೊಬ್ಬರಾಗಿ ಬೀಡಿ ಅಂಗಡಿ ಕಡೆ ಜಾರಿದರು.

ಅವರಿಗಾಗಿ ರಾತ್ರಿ ಕ್ಯಾಂಪ್ ಇಟ್ಟೆವು. ಹಗಲು ಕೆಲಸಕ್ಕೆ ಹೋಗಲಿ, ಏಳು ಗಂಟೆಗೆ ಬರಲಿ, ಜಳಕ ಮಾಡಿ ಉಣ್ಣಲಿ, ಹತ್ತರವರೆಗೆ ಕೂತು ಮಾತಾಡಿ ಅಲ್ಲೇ ಮಲಗಲಿ. ಮುಂಜಾನೆ ಪ್ರಾರ್ಥನೆ, ಚಹಾ, ಮತ್ತೆ ಕೆಲಸ. "ದಣಿದು ಬಂದವರು ವಾಕ್ಯ ಕೇಳ್ತಾರೇನ್ರಿ, ಗೊರಕಿ ಹೊಡೀತಾರ" ಎಂದು ನಮ್ಮ ಸಭಾಪಾಲಕರೇ ನಕ್ಕಿದ್ದರು. ಕೆಲವರು ಗೊರಕೆ ಹೊಡೆದದ್ದೂ ನಿಜ. ಆದರೆ ಬಂದರು. ಜಳಕಕ್ಕೆ ಬಿಸಿನೀರು ಇಟ್ಟದ್ದು, ಬಂದ ಕೂಡಲೇ ಊಟ ಹಾಕಿದ್ದು ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿತು. ಇವರ ಕಾರ್ಡಿನಲ್ಲಿ ಮನೆಗೆ 20 ರೂಪಾಯಿ. ಅದು ಅವರೇ ಹೇಳಿದ ದರ. "ಹುಡುಗ್ರಷ್ಟೇ ನಾವೂ ಕೊಡಬೇಕೇನ್ರಿ?" ಎಂದು ಕೇಳಿದರು. ಪೆಂಡಾಲಿನ ಕಂಬ ಹುಗಿದವರು, ಬಚ್ಚಲಿನ ಒಡೆದ ಕಟ್ಟೆ ಸಿಮೆಂಟ್ ಹಾಕಿ ಸರಿಮಾಡಿದವರು ಅವರೇ. ಹದಿನಾಲ್ಕು ತುಂಬದವರು ಯಾರಾದರೂ ದುಡಿಯುವ ಗುಂಪಿನೊಳಗೆ ಕಂಡರೆ ಮಾತ್ರ ರಾತ್ರಿ ಕ್ಯಾಂಪಿಗೆ ಸೇರಿಸುವುದಿಲ್ಲ. ಮೊದಲು ಮನೆಯವರ ಜೊತೆ, ಆಮೇಲೆ ಶಾಲೆಯವರ ಜೊತೆ ಮಾತು. ದಾರಿಗೆ ಬರದಿದ್ದರೆ ಮಕ್ಕಳ ಸಹಾಯವಾಣಿ 1098.

ಮೊಬೈಲು ಹೇಗೆ ಇಸಕೊಳ್ಳುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಜಗಳವಿಲ್ಲದೆ, ತಾವಾಗಿಯೇ ತಂದಿಡುತ್ತಾರೆ. ಉಪಾಯ ಇಲ್ಲಿ ಬರೆದರೆ ನಮ್ಮ ಹುಡುಗರೂ ಓದಿಬಿಡುತ್ತಾರೆ.

ಕೆಲವು ಪ್ರಯೋಗ ಸುಮ್ಮನೆ ಮಾಡಿದ್ದು. ಕಪ್ಪತಗುಡ್ಡಕ್ಕೆ ಚಾರಣ ಹೋಗಬೇಕೆಂದು ಮಕ್ಕಳ ಹಟ. 2019ರಲ್ಲಿ ಅದು ವನ್ಯಜೀವಿ ಧಾಮವಾಗಿದೆ, ಅನುಮತಿಗೆ ಓಡಾಡಬೇಕು, ಮೇಲೆ ಏಪ್ರಿಲ್ ಬಿಸಿಲು. ಬಿಟ್ಟೆವು. ಬದಲಿಗೆ ಕೈಗೆತ್ತಿಕೊಂಡದ್ದು ನಮ್ಮ ಕಡೆಯ ಜಾನಪದ ಹಾಡು, ಗೀಗೀ ಪದ. ಓಣಿಯ ಒಬ್ಬ ಅಜ್ಜಾರು, ನಮ್ಮ ಸಭೆಯವರಲ್ಲ, ಹಿಂದೆ ಮೇಳದಲ್ಲಿ ಹಾಡುತ್ತಿದ್ದವರು, ಡಪ್ಪು ತುಂತುಣಿ ಹಿಡಿದು ಬಂದು ಕಲಿಸಿದರು. ಬೈಬಲಿನ ಲೂಕ 15ರ ತಪ್ಪಿಹೋದ ಮಗನ ಕಥೆಯನ್ನು ಮಕ್ಕಳೇ ಪದ ಕಟ್ಟಿದರು. ಕಿರಿಮಗ ಹಿಸ್ಸೆ ಕೇಳುವ ಜಾಗಕ್ಕೆ ಬಂದಾಗ ಒಂಬತ್ತನೇ ತರಗತಿಯ ಹುಡುಗಿ ತಡೆದಳು: "ಅಕ್ಕಾರ, ಆ ಮನ್ಯಾಗ ಹೆಣ್ಣಮಕ್ಕಳು ಇರಲಿಲ್ಲೇನ್ರಿ? ಅವ್ರ ಪಾಲು ಎಲ್ಲಿ ಹೋತು?" ಅಜ್ಜಾರು ತುಂತುಣಿ ಕೆಳಗಿಟ್ಟು ನಕ್ಕರು. ಗೀಗೀ ಮೇಳಗಳ ಎರಡು ಎದುರಾಳಿ ಪಂಗಡಗಳಾದ ಕಲ್ಗಿ-ತುರಾಯಿಗಳ ಸವಾಲ್ ಜವಾಬಿನಂತೆ ಅದನ್ನೇ ಒಂದು ಸವಾಲಾಗಿ ಪದದೊಳಗೆ ಸೇರಿಸಿಬಿಟ್ಟರು. ಜವಾಬು ಇನ್ನೂ ಯಾರೂ ಕಟ್ಟಿಲ್ಲ. ಇದು ದೇವರ ವಾಕ್ಯವನ್ನು ಜಾತ್ರೆ ಪದ ಮಾಡಿದಂತಾಯಿತು ಎಂದು ಮುಖ ತಿರುಗಿಸಿದವರೂ ಇದ್ದಾರೆ. ಕೊನೆಯ ದಿನ ಪಾಲಕರ ಮುಂದೆ ಹಾಡಿದಾಗ ಅವರೇ ಗೀಯ ಗೀಯ ಎಂದು ದನಿಗೂಡಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಕಣ್ಣಿನ ವಿಷಯ ಆಕಸ್ಮಿಕವಾಗಿ ಸಿಕ್ಕಿದ್ದು. 121ನೇ ಕೀರ್ತನೆಯನ್ನು ದೊಡ್ಡ ಚಾರ್ಟಿನಲ್ಲಿ ಬರೆದು ಗೋಡೆಗೆ ತೂಗಿದ್ದೆವು. ಒಬ್ಬ ಹುಡುಗ ಓದುವ ಸರದಿ ಬಂದಾಗೆಲ್ಲ ಪಕ್ಕದವನ ತುಟಿ ನೋಡಿ ಹೇಳುತ್ತಿದ್ದ. ದಡ್ಡ ಎಂದು ಶಾಲೆಯಲ್ಲಿ ಹಿಂದಿನ ಬೆಂಚಿಗೆ ಹಾಕಿದ್ದರಂತೆ. ಚಾರ್ಟನ್ನು ಮೂಗಿನ ಹತ್ತಿರ ಹಿಡಿದರೆ ಗಡಗಡ ಓದಿದ! ಮರುವರ್ಷದಿಂದ ಒಂದು ಮುಂಜಾನೆ ಕಣ್ಣು ತಪಾಸಣೆಗೇ ಮೀಸಲು. ಪ್ರತಿ ಸಲ ನಾಲ್ಕೈದು ಮಕ್ಕಳಿಗೆ ಚಾಳೀಸು ಬೇಕಾಗುತ್ತದೆ.

ಕಾನೂನಿನ ಬಗ್ಗೆ ಚಿಕ್ಕದಾಗಿ. 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದ ಮೇಲೆ ಮಕ್ಕಳು ಗುಂಪು ಸೇರಿದರೆ ಸಾಕು, ಬಂದು ವಿಚಾರಿಸುವವರು ಹೆಚ್ಚಾದರು. ಅಪ್ಪನೋ ಅವ್ವನೋ ಬಂದು ಸಹಿ ಹಾಕದೆ ಯಾವ ಮಗುವನ್ನೂ ಸೇರಿಸುವುದಿಲ್ಲ. ಹೆಬ್ಬೆಟ್ಟಾದರೂ ಸರಿ, ಆದರೆ ಎದುರಿಗೆ. ನಾಲ್ಕೂ ದಿನದ ವೇಳಾಪಟ್ಟಿ ಗೇಟಿಗೆ ಅಂಟಿಸಿರುತ್ತೇವೆ, ಪಾಲಕರು ಯಾವಾಗ ಬೇಕಾದರೂ ಒಳಗೆ ಬರಬಹುದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ವಿಷಯದಲ್ಲಂತೂ ಸಂಕೋಚವಿಲ್ಲ: ಮಗುವಿನ ಜೊತೆ ಒಬ್ಬರೇ ದೊಡ್ಡವರು ಎಲ್ಲೂ ಇರಕೂಡದು, ಸಭಾಪಾಲಕರಿಗೂ ಅದೇ ನಿಯಮ. ಹೆಣ್ಣುಮಕ್ಕಳು ಚರ್ಚಿನ ಹಾಲಿನಲ್ಲಿ ನಾಲ್ಕು ಜನ ತಾಯಂದಿರ ಜೊತೆ, ಗಂಡುಹುಡುಗರು ಹಳೆಯ ಬೋರ್ಡಿಂಗ್ ಕಟ್ಟಡದಲ್ಲಿ.

ಈಗ ಹೊಲಿಗೆ ಕೆಲಸಕ್ಕೆ ಹೋಗುವ ಹುಡುಗಿಯರು ತಮಗೂ ರಾತ್ರಿ ಕ್ಯಾಂಪ್ ಬೇಕು ಎನ್ನುತ್ತಿದ್ದಾರೆ. ಏಳು ಗಂಟೆಗೆ ಕತ್ತಲಲ್ಲಿ ಯಾರು ಕರೆತರುತ್ತಾರೆ ಎಂದು ಮನೆಯವರ ತಕರಾರು. ಟಂಟಂ ಬಾಡಿಗೆ ಸಂಜೆ ಹೊತ್ತು ಡಬಲ್. ಹುಡುಗಿಯರು ಮಾತ್ರ ಆಗಲೇ ಲೆಕ್ಕ ಹಾಕಿಕೊಂಡು ಬಂದಿದ್ದಾರೆ. ಕಾರ್ಡಿಗೆ ಐದು ಮನೆ ಹೆಚ್ಚಿಗೆ ಎಳೆಯಿರಿ, ಜನವರಿಯ ಬದಲು ಡಿಸೆಂಬರಿನಿಂದ ಕಟ್ಟುತ್ತೇವೆ ಎನ್ನುತ್ತಾರೆ. ಇಪ್ಪತ್ತು ಮನೆಯ ಕಾರ್ಡು ಅಚ್ಚಿಗೆ ಕೊಟ್ಟಾಗಿದೆ.