ಯಾರಿಗೂ ತೋರಿಸದ ಚಿತ್ರವನ್ನು ಬಿಡಿಸುವ ಬಗೆ

ಶಾಲೆಯ ದಿನಗಳಲ್ಲಿ ಬಿಟ್ಟುಹೋದ ಚಿತ್ರ ಬಿಡಿಸುವ ಹವ್ಯಾಸವನ್ನು ಮತ್ತೆ ಹಿಡಿಯಬೇಕೆನ್ನುವವರು ದುಬಾರಿ ಸ್ಕೆಚ್‌ಬುಕ್ ಕೊಳ್ಳುವ ಆಸೆಯನ್ನು ಮೊದಲು ತಡೆದುಕೊಳ್ಳಬೇಕು. ಹಾಳೆಯ ಬೆಲೆ ಏರಿದಷ್ಟೂ ಅದನ್ನು ಕೆಡಿಸಬಾರದೆಂಬ ಅಂಜಿಕೆ ಏರುತ್ತದೆ. ಗೆರೆಯಿಲ್ಲದ ಸಾಧಾರಣ ನೋಟ್‌ಬುಕ್, 2ಬಿ ಮತ್ತು 6ಬಿ ಪೆನ್ಸಿಲ್‌ಗಳು, ಒಂದು ಮೆಂಡರ್ ಇಷ್ಟಿದ್ದರೆ ಸಾಕು. ರಬ್ಬರನ್ನು ಮನೆಯಲ್ಲಿಯೇ ಬಿಡುವುದು ಒಳ್ಳೆಯದು.

ಇನ್ನು ವಸ್ತುವಿನ ಆಯ್ಕೆ. ಚಿತ್ರದುರ್ಗದ ಕೋಟೆಗೆ ಹೋದವರು ಹೆಬ್ಬಾಗಿಲನ್ನೋ ಒನಕೆ ಓಬವ್ವನ ಕಿಂಡಿಯನ್ನೋ ಬಿಡಿಸಲು ಕೂರುತ್ತಾರೆ. ಆದರೆ ನೂರಾರು ಫೋಟೊಗಳಲ್ಲಿ ಕಂಡ ದೃಶ್ಯವನ್ನು ಬಿಡಿಸುವಾಗ ಕೈ ಆ ಫೋಟೊಗಳ ಜೊತೆ ಪೈಪೋಟಿಗೆ ಇಳಿಯುತ್ತದೆ. ಅದಕ್ಕಿಂತ ಹೆಸರಿಲ್ಲದ ಒಂದು ಬಂಡೆಯನ್ನು ಆರಿಸಿಕೊಂಡು, ತಿಂಗಳಿಡೀ ಅದೊಂದನ್ನೇ ಬಿಡಿಸಿ ನೋಡಿ. ಕಲ್ಲನ್ನು ಸೀಳುವುದಕ್ಕಾಗಿ ಹಿಂದಿನವರು ಸಾಲಾಗಿ ಕೊರೆದ ಕುಳಿಗಳಿರುವ ಬಂಡೆಯಾದರೆ ಇನ್ನೂ ಚೆನ್ನ. ಬೆಳಗಿನ ಓರೆ ಬಿಸಿಲಿನಲ್ಲಿ ಪ್ರತಿ ಕುಳಿಯ ಪೂರ್ವದ ಒಳಮೈ ಕಪ್ಪಾಗಿ, ಎದುರಿನ ಅಂಚು ಬೆಳ್ಳಗೆ ಹೊಳೆಯುತ್ತದೆ. ಒಂದೇ ಅಳತೆಯವೆಂದು ತೋರಿದ ಕುಳಿಗಳಲ್ಲಿ ಒಂದು ಆಳ, ಒಂದು ಅರ್ಧಕ್ಕೇ ನಿಂತದ್ದು, ಇನ್ನೊಂದು ತುಸು ವಾಲಿದ್ದು ಎಂಬುದು ಅರಿವಿಗೆ ಬರುವುದು ಬಹುಶಃ ಮೂರನೆಯ ದಿನಕ್ಕೆ. ನನ್ನ ಮಟ್ಟಿಗೆ ಈ ಕೆಲಸದ ಸುಖವೆಲ್ಲ ಆ ಅರಿವಿನಲ್ಲಿದೆ. ಹಾಳೆಯ ಮೇಲಿನ ಚಿತ್ರ ಅದರ ಗುರುತು ಮಾತ್ರ. ಬಿಸಿಲು ನೆತ್ತಿಗೇರಿದ ಮೇಲೆ ನೆರಳು ಸಾಯುವುದರಿಂದ ಇಪ್ಪತ್ತು ನಿಮಿಷ ಬಿಡಿಸಿ ಏಳುವುದು ಮೇಲು. ತಿಂಡಿಯ ಪೊಟ್ಟಣವನ್ನು ಚೀಲದೊಳಗೇ ಇಡಿ, ಮಂಗಗಳಿವೆ.

ಬಿಡಿಸಿದ್ದನ್ನು ಮೊಬೈಲಿನಲ್ಲಿ ಸೆರೆಹಿಡಿದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕದಿರುವುದು ಈ ಅಭ್ಯಾಸದ ಕಠಿಣ ನಿಯಮ. 1973ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ರಿಬ್ಬನ್ ಅಂಟಿಸಿದ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚೆಯೇ ಹೇಳಲಾಗಿತ್ತು. ಪ್ರಶಸ್ತಿ ಕೈಸೇರಿದ ಮೇಲೆ, ಬಿಡುವಿನ ಆಟದಲ್ಲಿ ಅವರು ಚಿತ್ರಕ್ಕೆ ಕೊಟ್ಟ ಸಮಯ ಉಳಿದ ಮಕ್ಕಳದ್ದಕ್ಕಿಂತ ಸುಮಾರು ಅರ್ಧದಷ್ಟಿತ್ತು. ನಿರೀಕ್ಷಿಸದೆ ಪ್ರಶಸ್ತಿ ಪಡೆದವರಲ್ಲಿ ಆ ಇಳಿತ ಕಾಣಲಿಲ್ಲ.

ನನಗೂ ಇಂಥದೇ ಅನುಭವವಾಯಿತು. ಚಂದ್ರವಳ್ಳಿ ಕೆರೆಯ ಚಿತ್ರವೊಂದನ್ನು ಕಂಡ ಬಂಧುವೊಬ್ಬರು, “ಇಂಥದೇ ಇನ್ನೊಂದು ಬಿಡಿಸಪ್ಪಾ, ಕಟ್ಟು ಹಾಕಿಸಿ ಗೃಹಪ್ರವೇಶಕ್ಕೆ ಕೊಡೋಣ” ಎಂದರು. ಹಿಗ್ಗಿದೆ, ಒಪ್ಪಿದೆ. ಮುಂದಿನ ಭಾನುವಾರ ಅದೇ ದಡದಲ್ಲಿ ಕುಳಿತಾಗ ಕಣ್ಣು ಹುಡುಕಿದ್ದು ಗೋಡೆಗೆ ಒಪ್ಪುವ ಕೋನವನ್ನು. ದಡದ ಬಳ್ಳಾರಿ ಜಾಲಿಯ ಪೊದೆ ಚೆನ್ನಾಗಿ ಕಾಣದೆಂದು ಅದನ್ನು ಬಿಟ್ಟೇ ಬಿಡಿಸಿದೆ. ಆ ಚಿತ್ರ ಮೆಚ್ಚುಗೆ ಪಡೆಯಿತು, ನಾನು ಮಾತ್ರ ಎರಡು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ.

ಕಲೆಯಿಂದ ಹೊಟ್ಟೆ ಹೊರೆಯುವುದನ್ನು ಹಗುರಾಗಿ ಕಾಣುವ ಮಾತಲ್ಲ ಇದು. ಮೊಳಕಾಲ್ಮುರಿನ ರೇಷ್ಮೆ ನೇಕಾರರಿಗೆ ಅಂಥ ಉಪದೇಶ ಮಾಡಿದರೆ ಮಗ್ಗದ ಮುಂದೆ ನಮ್ಮನ್ನೇ ಕೂರಿಸಿಯಾರು. ಹಣಕ್ಕಾಗಿ ಚಿತ್ರ ಬಿಡಿಸುವವರು ಬೇಕಾದರೆ ತಮಗಾಗಿ ಬೇರೆಯದೇ ನೋಟ್‌ಬುಕ್ ಇಟ್ಟುಕೊಳ್ಳಲಿ, ಎರಡನ್ನೂ ಒಂದೇ ಚೀಲದಲ್ಲಿ ಒಯ್ಯದಿರಲಿ.

ಕೋಟೆಯಲ್ಲಿ ಕೂತಾಗ ಪ್ರವಾಸಕ್ಕೆ ಬಂದ ಮಕ್ಕಳು “ಅಂಕಲ್, ನಂದೊಂದು ಬಿಡಿಸಿ” ಎಂದು ಸುತ್ತುವರಿಯುವುದುಂಟು. ಪೆನ್ಸಿಲನ್ನು ಅವರ ಕೈಗೇ ಕೊಟ್ಟು, ನಿಮ್ಮ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಅವರೇ ಬಂಡೆಯನ್ನು ಬಿಡಿಸುವಂತೆ ಹೇಳಿ. ಕುಳಿಗಳನ್ನು ಅವರು ನಮಗಿಂತ ಬೇಗ ಎಣಿಸುತ್ತಾರೆ.

ಪ್ರತಿ ಪುಟದ ಹಿಂದೆ ದಿನಾಂಕವನ್ನೂ, ಆ ದಿನ ಹೊಸದಾಗಿ ಕಂಡ ಒಂದು ಸಂಗತಿಯನ್ನೂ ಬರೆದಿಡಿ. ಚಿತ್ರ ಚೆನ್ನಾಯಿತೋ ಇಲ್ಲವೋ ಎಂದು ಬರೆಯಬೇಡಿ. ನನ್ನ ನೋಟ್‌ಬುಕ್ಕಿನ ಕೊನೆಯ ಪುಟದ ಹಿಂದೆ ಇರುವುದು ಇಷ್ಟೇ: “ಎಡದಿಂದ ನಾಲ್ಕನೆಯ ಕುಳಿಯಲ್ಲಿ ರಾತ್ರಿಯ ಮಳೆನೀರು ನಿಂತಿತ್ತು, ಒಂದು ಇರುವೆ ಅದರ ಸುತ್ತ ಬಂತು.”